ಎರಡು ಎಣ್ಣೆಗಳ ಲೆಕ್ಕ

ಕಳೆದ ವರ್ಷ ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ನನ್ನ ಲಿವರಿನಲ್ಲಿ ಕೊಬ್ಬು ಇದೆಯೆಂದು ಬಂತು. ಸೋನೋಗ್ರಫಿ ವರದಿಯಲ್ಲಿ ‘ಫ್ಯಾಟಿ ಲಿವರ್, ಗ್ರೇಡ್ 2’ ಎಂದಿತ್ತು. ವಯಸ್ಸು ನಲವತ್ನಾಲ್ಕು, ಎತ್ತರ 172 ಸೆಂಟಿಮೀಟರ್, ತೂಕ 84 ಕಿಲೋ. ವರದಿ ಹಿಡಿದು ಪುಣೆಯ ನಮ್ಮ ಮನೆ ಹತ್ತಿರದ ಡಾಕ್ಟರ ಬಳಿ ಹೋದೆ. ಅವರು ಕಂಪ್ಯೂಟರಿನತ್ತಲೇ ನೋಡುತ್ತ ಒಂದೊಂದೇ ಪ್ರಶ್ನೆ ಕೇಳಿದರು. ಶುಗರ್? ಇಲ್ಲ. ಬಿಪಿ? ಸ್ವಲ್ಪ. ಸಿಗರೇಟು? ಇಲ್ಲ. ಡ್ರಿಂಕ್ಸ್?

‘ಅಪರೂಪಕ್ಕೆ. ಸೋಷಿಯಲ್ ಆಗಿ.’

ಅವರು ಏನೋ ಟೈಪ್ ಮಾಡಿದರು. ಚೀಟಿಯಲ್ಲಿ ‘ನಾನ್ ಆಲ್ಕೋಹಾಲಿಕ್ ಫ್ಯಾಟಿ ಲಿವರ್’ ಎಂದು ಬಂತು. ಆರು ಕಿಲೋ ಇಳಿಸಿ, ದಿನಾ ನಲವತ್ತೈದು ನಿಮಿಷ ನಡೆಯಿರಿ ಅಂದರು. ಕೊನೆಗೆ ಮರಾಠಿಯಲ್ಲಿ, ‘ತೇಲ್ ಕಮೀ ಕರಾ’. ಎಣ್ಣೆ ಕಡಿಮೆ ಮಾಡಿ.

ನಮ್ಮ ಭಾಷೆಯಲ್ಲಿ ಈ ಮಾತಿಗೆ ಎರಡು ಅರ್ಥ ಇದೆಯೆಂದು ಆ ಮರಾಠಿ ಡಾಕ್ಟರಿಗೆ ಗೊತ್ತಿರಲು ಸಾಧ್ಯವಿಲ್ಲ. ನನಗೆ ಗೊತ್ತಿತ್ತು. ಮನೆಗೆ ಬಂದು ಹೆಂಡತಿಗೆ ಹೇಳುವಾಗ ಒಂದೇ ಅರ್ಥ ಹೇಳಿದೆ.

ಮರುದಿನದಿಂದ ನಮ್ಮ ಅಡುಗೆಮನೆ ಬದಲಾಯಿತು. ತಿಂಗಳಿಗೆ ನಾಲ್ಕು ಲೀಟರ್ ಶೇಂಗಾ ಎಣ್ಣೆ ತರುತ್ತಿದ್ದ ಮನೆಗೆ ಎರಡೇ ಲೀಟರ್ ಬಂತು. ಒಗ್ಗರಣೆಗೆ ಚಹದ ಚಮಚದಲ್ಲಿ ಅಳೆದು ಹಾಕುವುದು ಶುರುವಾಯಿತು. ಬದನೆಕಾಯಿ ಎಣ್ಣೆಗಾಯಿಯನ್ನು ಒಂದು ದಿನ ಕುಕ್ಕರಿನಲ್ಲಿ ಬೇಯಿಸಿದ್ದಳು. ಹದಿಮೂರು ವರ್ಷದ ಮಗಳು ತಟ್ಟೆ ನೋಡಿ, ‘ಎಣ್ಣಿನೇ ಇಲ್ಲಂದ್ರ ಇದು ಎಣ್ಣಿಗಾಯಿ ಹೆಂಗ ಆಗ್ತೈತಿ ಪಪ್ಪಾ?’ ಅಂದಳು. ಎಲ್ಲರೂ ನಕ್ಕೆವು. ಎಪ್ಪತ್ತು ದಾಟಿದ ನಮ್ಮವ್ವ ನಮ್ಮ ಜೊತೆಗೇ ಇದ್ದಾಳೆ. ಕಡ್ಡಿಯಂಥ ದೇಹ. ಬ್ಯಾಡಗಿ ಸೀಮೆಯಲ್ಲಿ ಹುಟ್ಟಿ ಬೆಳೆದ ಅವಳಿಗೆ ಜೋಳದ ರೊಟ್ಟಿಯ ಜೊತೆ ಗುರೆಳ್ಳು ಪುಡಿ, ಅದರ ನಡುವೆ ಬೆರಳಿನಿಂದ ಗುಳಿ ಮಾಡಿ ಒಂದು ಚಮಚ ಎಣ್ಣೆ, ಇಷ್ಟಿದ್ದರೆ ಊಟ. ಅವಳೂ ಎಣ್ಣೆ ಕೇಳುವುದನ್ನು ಬಿಟ್ಟಳು. ಮಗನಿಗೆ ಲಿವರ್ ಸರಿಯಿಲ್ಲದಾಗ ತಾನೊಬ್ಬಳು ಹಾಕಿಕೊಂಡರೆ ಹೇಗೆ ಎಂದು ಪುಡಿಗೆ ಮಜ್ಜಿಗೆ ಕಲಸಿ ತಿಂದಳು.

ನಾನೂ ಶ್ರದ್ಧೆಯಿಂದಲೇ ಇದ್ದೆ. ಮೊಬೈಲಿನಲ್ಲಿ ಕ್ಯಾಲರಿ ಬರೆದಿಡುವ ಆ್ಯಪ್ ಹಾಕಿಕೊಂಡೆ. ರೊಟ್ಟಿ ಎಷ್ಟು, ಪಲ್ಯ ಎಷ್ಟು, ಮೀಟಿಂಗಿನಲ್ಲಿ ತಿಂದ ಬಿಸ್ಕತ್ತು ಎರಡೋ ಮೂರೋ ಎಲ್ಲ ಬರೆದೆ. ಬೆಳಿಗ್ಗೆ ಆರಕ್ಕೆ ವಾಕಡದ ರಸ್ತೆಯಲ್ಲಿ ನಡೆದೆ. ಹತ್ತು ವಾರದಲ್ಲಿ ನಾಲ್ಕು ಕಿಲೋ ಇಳಿಯಬೇಕು ಎಂದು ಆ್ಯಪ್ ಗೆರೆ ಎಳೆದು ತೋರಿಸಿತ್ತು. ಹತ್ತು ವಾರದ ಮೇಲೆ ತೂಕ 83.8.

ನಾನು ಹದಿನೆಂಟು ವರ್ಷದಿಂದ ಪ್ರಾಜೆಕ್ಟು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಯೋಜನೆ ಹಸಿರು ತೋರಿಸುತ್ತಿದೆ, ಫಲಿತಾಂಶ ಬರುತ್ತಿಲ್ಲ ಅಂದರೆ ಎಲ್ಲೋ ಒಂದು ಸಾಲು ಕಾಣೆಯಾಗಿದೆ ಎಂದು ನನಗೆ ಬೇರೆಯವರು ಹೇಳಿಕೊಡಬೇಕಿಲ್ಲ. ನಮ್ಮಲ್ಲಿ ಇದಕ್ಕೆ ಕಲ್ಲಂಗಡಿ ರಿಪೋರ್ಟ್ ಎನ್ನುತ್ತೇವೆ. ಹೊರಗೆ ಹಸಿರು, ಕೊಯ್ದರೆ ಕೆಂಪು. ಎರಡು ವರ್ಷದ ಹಿಂದೆ ನನ್ನ ತಂಡದ ಹುಡುಗನೊಬ್ಬ ಆರು ವಾರ ಇಂಥ ರಿಪೋರ್ಟ್ ಕಳಿಸಿದ್ದ. ಟೆಸ್ಟಿಂಗ್ ನಡೆದೇ ಇರಲಿಲ್ಲ. ಹನ್ನೆರಡು ಜನರ ಮುಂದೆ ಅವನಿಗೆ, ಸುಳ್ಳು ಯಾಕೆ ಹೇಳಿದೆ ಎಂದು ಕೂಗಾಡಿದ್ದೆ. ಅವನು ತಲೆ ತಗ್ಗಿಸಿ, ‘ಸುಳ್ಳು ಬರೆದಿಲ್ಲ ಸರ್, ಆ ಕಾಲಂ ಖಾಲಿ ಬಿಟ್ಟಿದ್ದೆ’ ಅಂದ. ಆಗ ಅದು ನನಗೆ ಕುಚೋದ್ಯದ ಉತ್ತರ ಅನಿಸಿತ್ತು.

ನನ್ನ ಆ್ಯಪಿನಲ್ಲೂ ಸುಳ್ಳು ಇರಲಿಲ್ಲ. ಶುಕ್ರವಾರ ರಾತ್ರಿ ಖಾಲಿ ಇತ್ತು, ಶನಿವಾರ ರಾತ್ರಿ ಖಾಲಿ ಇತ್ತು. ಬರೆಯಬಾರದು ಎಂದು ನಾನು ತೀರ್ಮಾನ ಮಾಡಿದ ನೆನಪೇ ಇಲ್ಲ. ಆ ಹೊತ್ತಿನಲ್ಲಿ ಫೋನ್ ತೆಗೆಯುತ್ತಿರಲಿಲ್ಲ, ಅಷ್ಟೆ. ಮರುದಿನ ಬೆಳಿಗ್ಗೆ ಅದು ನಿನ್ನೆಯ ಮಾತಾಗಿರುತ್ತಿತ್ತು. ಒಂದು ಲೋಟ ಮಜ್ಜಿಗೆ ಎಂದು ಬರೆದರೆ ಆ್ಯಪ್ ಶಭಾಷ್ ಎನ್ನುತ್ತಿತ್ತು. ಆತ್ಮವಂಚನೆ ಎಂಬ ಪದ ಕೇಳಿದಾಗ ಒಳಗೆ ಇಬ್ಬರಿದ್ದಾರೆ, ಒಬ್ಬ ಇನ್ನೊಬ್ಬನಿಗೆ ಟೋಪಿ ಹಾಕುತ್ತಾನೆ ಎಂಬ ಚಿತ್ರ ಬರುತ್ತದೆ. ನನ್ನ ಅನುಭವ ಹಾಗಿಲ್ಲ. ಒಳಗೆ ಒಬ್ಬನೇ ಇದ್ದ. ಅವನು ಆ ಕಡೆ ನೋಡುತ್ತಿರಲಿಲ್ಲ.

ಒಂದು ಭಾನುವಾರ ಮಗಳ ವಿಜ್ಞಾನದ ಪ್ರಾಜೆಕ್ಟಿಗೆ ತಂದಿದ್ದ ಅಳತೆಯ ಗಾಜಿನ ಕೊಳವೆ ಮೇಜಿನ ಮೇಲಿತ್ತು. ಮನೆಯಲ್ಲಿ ಯಾರೂ ಇಲ್ಲದಾಗ ನಾನು ಯಾವಾಗಲೂ ಹಾಕಿಕೊಳ್ಳುವ ಹಾಗೆ ಒಂದು ‘ಲಾರ್ಜ್’ ಅನ್ನು ನೀರಿನಲ್ಲಿ ಸುರಿದು, ಅದನ್ನು ಕೊಳವೆಗೆ ಹಾಕಿ ನೋಡಿದೆ. ಲಾರ್ಜ್ ಅಂದರೆ 60 ಎಂಎಲ್. ನನ್ನ ಕೈಯ ಲಾರ್ಜ್ 85 ಎಂಎಲ್.

ಆಮೇಲೆ ಕಾಗದ ಪೆನ್ನು ತೆಗೆದುಕೊಂಡು ಕೂತೆ. ನಮ್ಮ ದೇಶದ ವಿಸ್ಕಿ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಕಾಣುವುದು 42.8 ಪ್ರತಿಶತ. 60 ಎಂಎಲ್‌ನಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್. ಒಂದು ಗ್ರಾಂ ಆಲ್ಕೋಹಾಲಿನಲ್ಲಿ 7 ಕ್ಯಾಲರಿ. ಅಕ್ಕಿ ಜೋಳದ ಪಿಷ್ಟದಲ್ಲಿ 4, ಎಣ್ಣೆ ತುಪ್ಪದಲ್ಲಿ 9; ಇದು ಎಣ್ಣೆಯ ಪಕ್ಕದ ಮನೆಯದು. ಅಂದರೆ ಅಳತೆಯ ಲಾರ್ಜಿಗೆ 140 ಕ್ಯಾಲರಿ, ನನ್ನ ಲಾರ್ಜಿಗೆ 200. ಶುಕ್ರವಾರ ಆಫೀಸಿನವರ ಜೊತೆ ಹೊರಗೆ ಮೂರು. ಶನಿವಾರ ಮನೆಯಲ್ಲಿ ಗೆಳೆಯರೊಂದಿಗೆ ನಾಲ್ಕು, ನನ್ನ ಕೈಯವು. ಭಾನುವಾರ ಮಧ್ಯಾಹ್ನ 650 ಎಂಎಲ್‌ನ ಒಂದು ಸ್ಟ್ರಾಂಗ್ ಬಿಯರ್, ಅದರಲ್ಲೇ 40 ಗ್ರಾಂ. ವಾರದ ನಡುವೆ ಕ್ಲಯಂಟ್ ಕಾಲ್ ಕೆಟ್ಟುಹೋದ ದಿನ ಒಂದು. ಒಟ್ಟು 245 ಗ್ರಾಂ. ವಾರಕ್ಕೆ 1700 ಕ್ಯಾಲರಿ. ಐದು ದಿನದ ನಡಿಗೆಯಲ್ಲಿ ಕರಗಿದ್ದು ಎಂದು ನನ್ನ ವಾಚು ಹೇಳುತ್ತಿದ್ದದ್ದು 1200. ಇನ್ನು ಆ ಸಂಜೆಗಳ ಮಸಾಲೆ ಶೇಂಗಾ, ಅರ್ಧ ರಾತ್ರಿಯ ಬಿರಿಯಾನಿ, ಅವೂ ಅದೇ ಖಾಲಿ ಕಾಲಮ್ಮಿನಲ್ಲಿದ್ದವು. ‘ಅಪರೂಪಕ್ಕೆ’ ಎಂದರೆ ವಾರಕ್ಕೆ ನಾಲ್ಕು ದಿನ ಎಂಬುದು ಕಾಗದದ ಮೇಲೆ ಬಂದಾಗಲೇ ನನಗೆ ಕಂಡದ್ದು.

ಇಷ್ಟಕ್ಕೇ ನಿಂತಿದ್ದರೆ ಇದು ಬರೀ ಕೂಡಿಸಿ ಕಳೆಯುವ ವಿಷಯವಾಗುತ್ತಿತ್ತು. ಆದರೆ ದೇಹದೊಳಗೆ ನಡೆಯುವುದನ್ನು ಓದುತ್ತ ಹೋದಾಗ ನನಗೆ ಹೆಚ್ಚು ಅಸ್ವಸ್ಥ ಮಾಡಿದ್ದು ಬೇರೆ ಸಂಗತಿ.

ಪಿಷ್ಟ ಹೆಚ್ಚಾದರೆ ಅದಕ್ಕೆ ಲಿವರ್ ಮತ್ತು ಸ್ನಾಯುಗಳಲ್ಲಿ ಗೋದಾಮಿದೆ. ಕೊಬ್ಬಿಗಂತೂ ಸೊಂಟದ ಸುತ್ತ ಎಷ್ಟು ಬೇಕಾದರೂ ಜಾಗವಿದೆ. ಆಲ್ಕೋಹಾಲಿಗೆ ದೇಹದಲ್ಲಿ ಗೋದಾಮೇ ಇಲ್ಲ. ಒಳಗೆ ಬಂದದ್ದನ್ನು ಬೇಗ ಸುಟ್ಟು ಮುಗಿಸಬೇಕು. ಆಫೀಸಿನ ಭಾಷೆಯಲ್ಲಿ ಅದು ಪಿ-ಒನ್ ಟಿಕೆಟ್, ಉಳಿದದ್ದೆಲ್ಲ ಸಾಲಿನಲ್ಲಿ ನಿಲ್ಲಬೇಕು. ನಮ್ಮೂರ ಕಡೆಯ ಹೋಲಿಕೆ ಕೊಡುವುದಾದರೆ, ಮೆಣಸಿನಕಾಯಿ ಮಾರುಕಟ್ಟೆಗೆ ಮಳೆಯಲ್ಲಿ ನೆನೆಯುತ್ತಿರುವ ಒಂದು ಲಾರಿ ಬಂತು ಅನ್ನಿ. ಇದ್ದಬದ್ದ ಹಮಾಲರೆಲ್ಲ ಅದಕ್ಕೇ ಓಡುತ್ತಾರೆ. ತಾಡಪತ್ರಿ ಹೊದ್ದ ಬೇರೆ ಲಾರಿಗಳು ಕಾಯುತ್ತವೆ. ಲಿವರಿನಲ್ಲಿ ಆಲ್ಕೋಹಾಲ್ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ, ಆಮೇಲೆ ಅಸಿಟೇಟ್ ಆಗುತ್ತದೆ. ಈ ಎರಡೂ ಹೆಜ್ಜೆಗೆ ಎನ್‌ಎಡಿ ಎಂಬ ಸಹಾಯಕ ಅಣು ಬೇಕು. ಕೊಬ್ಬನ್ನು ಸುಡುವುದಕ್ಕೂ ಅದೇ ಅಣು ಬೇಕು. ಹಮಾಲರೆಲ್ಲ ಆ ಕಡೆ ಹೋದ ಮೇಲೆ ಕೊಬ್ಬಿನ ಲಾರಿ ಇಳಿಯುವುದಿಲ್ಲ. ಲಿವರಿನಿಂದ ಹೊರಟ ಅಸಿಟೇಟ್ ರಕ್ತದಲ್ಲಿ ಸೇರಿ ಸ್ನಾಯುಗಳಿಗೆ ಹೋಗುತ್ತದೆ. ಅವೂ ಕೊಬ್ಬನ್ನು ಬಿಟ್ಟು ಅದನ್ನೇ ಸುಡುತ್ತವೆ. ಗಂಟೆಗೆ ಏಳರಿಂದ ಹತ್ತು ಗ್ರಾಂ, ಹೆಚ್ಚುಕಡಿಮೆ ಇದೇ ವೇಗ. ಓಡಿದರೂ ಕಾಫಿ ಕುಡಿದರೂ ನಿಂಬೆಹಣ್ಣು ಹಿಂಡಿಕೊಂಡರೂ ಇದು ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ನನ್ನ ಶನಿವಾರದ 115 ಗ್ರಾಂ ಮುಗಿಯುವುದು ಭಾನುವಾರ ಬೆಳಗಾದ ಮೇಲೆ, ಕೆಲವೊಮ್ಮೆ ಮಧ್ಯಾಹ್ನದ ಹೊತ್ತಿಗೆ. ಅಷ್ಟೊತ್ತಿಗೆ ನಾನು ಬಿಯರ್ ಬಾಟಲಿ ತೆರೆದಿರುತ್ತಿದ್ದೆ.

1992ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಆರೋಗ್ಯವಂತ ಗಂಡಸರನ್ನು ಉಸಿರಾಟ ಅಳೆಯುವ ಕೋಣೆಯಲ್ಲಿಟ್ಟು ನೋಡಿದ್ದರು. ದಿನದ ಶಕ್ತಿಯ ಕಾಲು ಭಾಗದಷ್ಟು ಆಲ್ಕೋಹಾಲ್ ಕೊಟ್ಟಾಗ ಕೊಬ್ಬು ಕರಗುವುದು ಸುಮಾರು ಮೂರನೇ ಒಂದರಷ್ಟು ಇಳಿದಿತ್ತು. 1999ರ ಇನ್ನೊಂದು ಅಧ್ಯಯನ ಕುಡಿದ ಆಲ್ಕೋಹಾಲ್ ಎಲ್ಲಿ ಹೋಗುತ್ತದೆ ಎಂದು ಹಿಂಬಾಲಿಸಿತು. ಅದರಲ್ಲಿ ನೂರಕ್ಕೆ ಐದರಷ್ಟೂ ಕೊಬ್ಬಾಗಿ ಬದಲಾಗಲಿಲ್ಲ. ಹೆಚ್ಚಿನ ಪಾಲು ಅಸಿಟೇಟಾಗಿ ಹೊರಟುಹೋಯಿತು.

ಇದನ್ನು ಓದಿದಾಗ ಮೊದಲು ಖುಷಿಯಾಯಿತು. ನೋಡಿ, ವಿಸ್ಕಿ ಕೊಬ್ಬಾಗುವುದಿಲ್ಲ! ಆಮೇಲೆ ಅರ್ಥ ಹೊಳೆಯಿತು. ಅದು ತಾನು ಕೊಬ್ಬಾಗುವುದಿಲ್ಲ. ಆಗಬೇಕಾದ ಕೆಲಸವನ್ನು ಆಗಗೊಡುವುದಿಲ್ಲ. ಕೈಯಲ್ಲಿ ಏನೂ ಕಲೆ ಉಳಿಸಿಕೊಳ್ಳದೆ ಎದ್ದುಹೋಗುತ್ತದೆ. ನನ್ನ ತಪ್ಪಿನ ಸ್ವರೂಪವೂ ಹೀಗೇ ಇತ್ತು. ಏನು ಮಾಡಿದೆ ಎಂದು ಹುಡುಕಿದರೆ ಏನೂ ಸಿಗುತ್ತಿರಲಿಲ್ಲ.

ಇಲ್ಲೊಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಕುಡಿದರೆ ತೂಕ ಏರಿಯೇ ಏರುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ. ಸ್ವಲ್ಪ ಕುಡಿಯುವವರ ವಿಷಯದಲ್ಲಿ ಅಧ್ಯಯನಗಳು ಎರಡೂ ಕಡೆ ವಾಲುತ್ತವೆ. ಹೆಚ್ಚು ಕುಡಿಯುವವರು ಮತ್ತು ಒಂದೇ ಕೂರಿಕೆಯಲ್ಲಿ ತುಂಬ ಕುಡಿಯುವವರಲ್ಲಿ ತೂಕದ ಸಂಬಂಧ ಎದ್ದು ಕಾಣುತ್ತದೆ. ಒಟ್ಟು ಕ್ಯಾಲರಿಯಲ್ಲಿ ಅದನ್ನೂ ಸೇರಿಸಿ ಉಳಿದದ್ದನ್ನು ಕಡಿಮೆ ತಿಂದರೆ ತೂಕ ಇಳಿಯಬಹುದು. ತೊಂದರೆ ಏನೆಂದರೆ ಅದು ಹೊಟ್ಟೆ ತುಂಬಿಸುವುದಿಲ್ಲ, ಹಸಿವು ಕೆರಳಿಸುತ್ತದೆ. 2017ರಲ್ಲಿ ಲಂಡನ್ನಿನಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ಉಪವಾಸವಿದ್ದಾಗ ಎಚ್ಚರಗೊಳ್ಳುವ ಮಿದುಳಿನ ನರಕೋಶಗಳೇ ಆಲ್ಕೋಹಾಲ್ ಕೊಟ್ಟಾಗಲೂ ಎಚ್ಚರಗೊಂಡಿದ್ದವು. ಇಲಿಗೆ ಬಾರೂ ಇಲ್ಲ, ಗೆಳೆಯರ ಒತ್ತಾಯವೂ ಇಲ್ಲ. ಅವೂ ಹೆಚ್ಚು ತಿಂದವು.

ದಪ್ಪಗಿರುವುದು ಪಾಪವಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ಐಟಿ ಮಂದಿಯಲ್ಲಿ ಈಚೆಗೆ ಮ್ಯಾರಥಾನ್ ಓಡುವವರೆಲ್ಲ ಋಷಿಗಳು, ಹೊಟ್ಟೆ ಇರುವವರೆಲ್ಲ ಸೋಮಾರಿಗಳು ಎಂಬ ಹೊಸ ಜಾತಿಪದ್ಧತಿ ಬಂದಿದೆ. ಅದಕ್ಕೆ ನಾನು ಸೇರಿದವನಲ್ಲ. ಕುಡಿಯುವುದೂ ತನ್ನಷ್ಟಕ್ಕೆ ಪಾಪ ಎಂದು ನನಗೆ ಅನಿಸುವುದಿಲ್ಲ. ಜಾನ್ ಸ್ಟುವರ್ಟ್ ಮಿಲ್ 1859ರ ‘ಆನ್ ಲಿಬರ್ಟಿ’ಯಲ್ಲಿ ತನ್ನ ದೇಹ ತನ್ನ ಮನಸ್ಸಿನ ಮೇಲೆ ಮನುಷ್ಯ ತಾನೇ ಒಡೆಯ ಎಂದು ವಾದಿಸುತ್ತಾನೆ. ಕುಡಿದ ಕಾರಣಕ್ಕೇ ಯಾರನ್ನೂ ಶಿಕ್ಷಿಸಬಾರದು, ಕೆಲಸದ ಹೊತ್ತಿನಲ್ಲಿ ಕುಡಿದ ಪೊಲೀಸನನ್ನು ಶಿಕ್ಷಿಸಬಹುದು ಎಂಬುದು ಅವನ ನಿಲುವು. ನಾನು ಯಾವ ಡ್ಯೂಟಿಯಲ್ಲೂ ಕುಡಿದವನಲ್ಲ. ಕ್ಯಾಬಿನಲ್ಲಿ ಮನೆಗೆ ಬರುತ್ತೇನೆ, ಯಾರ ಮೇಲೂ ಕೂಗಾಡುವುದಿಲ್ಲ. ನನ್ನ ದೇಹ, ನನ್ನ ಆ್ಯಪ್, ನನ್ನ ಖಾಲಿ ಕಾಲಂ. ಇದರಲ್ಲಿ ಬೇರೆಯವರಿಗೆ ಏನು?

ಈ ವಾದದಲ್ಲಿ ನಾನು ಬಹಳ ದಿನ ಸುಖವಾಗಿದ್ದೆ. ಅದು ಮುರಿದದ್ದು ಕಾಯಿಲೆಯ ಹೆಸರಿನಿಂದ.

ಲಿವರಿನಲ್ಲಿ ಕೊಬ್ಬು ತುಂಬಿದಾಗ ಅದು ಕುಡಿತದಿಂದ ಬಂತೋ ತೂಕ, ಸಕ್ಕರೆಯಿಂದ ಬಂತೋ ಎಂದು ಸೋನೋಗ್ರಫಿ ಹೇಳಲಾರದು. ತೆರೆಯ ಮೇಲೆ ಎರಡೂ ಒಂದೇ ಬಿಳುಪು. ಹೆಸರು ನಿರ್ಧಾರವಾಗುವುದು ಹೆಚ್ಚಾಗಿ ರೋಗಿಯ ಬಾಯಿಮಾತಿನಿಂದ. 2023ರಲ್ಲಿ ಅಮೆರಿಕ, ಯುರೋಪ್ ಮತ್ತು ಲ್ಯಾಟಿನ್ ಅಮೆರಿಕದ ಲಿವರ್ ತಜ್ಞರ ಸಂಘಗಳು ಸೇರಿ ಈ ಕಾಯಿಲೆಗಳ ಹೆಸರನ್ನೇ ಬದಲಾಯಿಸಿದವು. ತೂಕದಂಥ ಕಾರಣ, ಕುಡಿತ ಎರಡೂ ಇದ್ದವರಿಗೆ ನಡುವೆ ‘ಮೆಟ್-ಎಎಲ್‌ಡಿ’ ಎಂಬ ಬೇರೆ ಮನೆ ಕಟ್ಟಿದರು. ಗಂಡಸರಿಗೆ ಅದರ ಹೊಸ್ತಿಲು ವಾರಕ್ಕೆ 210 ಗ್ರಾಂ ಆಲ್ಕೋಹಾಲ್, ಹೆಂಗಸರಿಗೆ 140. ಬಾಟಲಿಯ ಲೆಕ್ಕದಲ್ಲಿ, ಅಂದರೆ ಪ್ರತಿ ಲಾರ್ಜೂ 60 ಎಂಎಲ್ ಎಂದು ಹಿಡಿದರೆ ನನ್ನದು 203. ಕೈ ಸುರಿದ ಲೆಕ್ಕದಲ್ಲಿ 245. ಒಂದು ವಾಕ್ಯಕ್ಕೂ ಇನ್ನೊಂದು ವಾಕ್ಯಕ್ಕೂ ನಡುವೆ ನನ್ನ ಕಾಯಿಲೆಯ ಹೆಸರು ಬದಲಾಗುತ್ತದೆ. ಡಾಕ್ಟರು ಕೊಟ್ಟ ‘ನಾನ್ ಆಲ್ಕೋಹಾಲಿಕ್’ ಎಂಬ ಚೀಟಿಯನ್ನು ನಾನು ಸರ್ಟಿಫಿಕೇಟಿನ ಹಾಗೆ ಇಟ್ಟುಕೊಂಡಿದ್ದೆ. ಅದನ್ನು ಕೊಟ್ಟವನು ನಾನೇ.

‘ಅಪರೂಪಕ್ಕೆ’ ಎಂದಾಗ ನನ್ನ ದನಿ ಹೇಗಿತ್ತು ಎಂದು ನೆನಪಿಸಿಕೊಂಡರೆ ಧರ್ಮರಾಯ ನೆನಪಾಗುತ್ತಾನೆ. ಅಶ್ವತ್ಥಾಮ ಸತ್ತ ಎಂಬುದನ್ನು ಜೋರಾಗಿ, ಸತ್ತದ್ದು ಆನೆ ಎಂಬುದನ್ನು ಮೆಲ್ಲಗೆ ಹೇಳಿದವನು. ಶಾಲೆಯಲ್ಲಿ ಈ ಕಥೆ ಕೇಳಿದಾಗ ನಮಗೆ ನೆನಪಿನಲ್ಲಿ ಉಳಿದದ್ದು ನೆಲ ಮುಟ್ಟದೆ ಓಡುತ್ತಿದ್ದ ಅವನ ರಥ ಕೆಳಗಿಳಿದದ್ದು. ಅಂದರೆ ಹೇಳಿದವನಿಗೆ ಏನಾಯಿತು ಎಂಬುದು. ಈಗ ನನಗೆ ಕಾಣುವುದು ಕೇಳಿಸಿಕೊಂಡವನು. ದ್ರೋಣ ಆ ಮಾತನ್ನು ನಂಬಿ ಕೈಯ ಬಿಲ್ಲನ್ನು ಕೆಳಗಿಟ್ಟ. ಬೇರೆ ಯಾರು ಹೇಳಿದ್ದರೂ ಇಡುತ್ತಿರಲಿಲ್ಲ. ಅರ್ಧ ಸತ್ಯವನ್ನು ನಂಬಿ ಇನ್ನೊಬ್ಬರು ತಮ್ಮ ಕೈಯಲ್ಲಿರುವುದನ್ನು ಕೆಳಗಿಡುತ್ತಾರೆ. ನಮ್ಮ ಮನೆಯಲ್ಲಿ ಕೆಳಗಿಟ್ಟದ್ದು ಒಂದು ಚಮಚ ಎಣ್ಣೆ. ಇಟ್ಟವಳು ಎಪ್ಪತ್ತು ದಾಟಿದ, ಕಡ್ಡಿಯಂಥ ಒಬ್ಬ ಹೆಂಗಸು.

‘ಸೋಷಿಯಲ್’ ಎಂಬ ಪದದ ಬಗ್ಗೆಯೂ ಎರಡು ಮಾತು. ನಾನು ಹುಡುಗನಾಗಿದ್ದಾಗ ನಮ್ಮೂರಲ್ಲಿ ಸಾರಾಯಿ ಇತ್ತು. 2007ರಲ್ಲಿ ರಾಜ್ಯದಲ್ಲಿ ಅದು ನಿಂತಿತು. ಸಂಜೆ ಹೊಲದ ಕೆಲಸ ಮುಗಿಸಿ ಕುಡಿದು ಬರುವವರನ್ನು ನಮ್ಮ ಮನೆಯಲ್ಲಿ ಕುಡುಕರು ಎನ್ನುತ್ತಿದ್ದರು. ಈಗಲೂ ಊರಿಗೆ ಹೋದಾಗ, ಅವನು ದಿನಾ ಕ್ವಾರ್ಟರ್ ಹಾಕುತ್ತಾನೆ ಎಂದು ಯಾರದೋ ಬಗ್ಗೆ ಹೇಳುವುದನ್ನು ಕೇಳುತ್ತೇನೆ, ಅಯ್ಯೋ ಎಂದು ತಲೆಯಾಡಿಸುತ್ತೇನೆ. ಕ್ವಾರ್ಟರ್ ಅಂದರೆ 180 ಎಂಎಲ್. ನನ್ನ ಶುಕ್ರವಾರದ ಮೂರು ಲಾರ್ಜ್ ಅಂದರೆ 180 ಎಂಎಲ್. ನನ್ನ ಶನಿವಾರ ಅವನ ಎರಡು ಕ್ವಾರ್ಟರಿಗೆ ಹತ್ತಿರ. ಅವನ ಲಿವರಿಗೂ ನನ್ನ ಲಿವರಿಗೂ ಐಸ್ ಹಾಕಿದ್ದರೋ ಇಲ್ಲವೋ ಎಂಬುದು ತಿಳಿಯುವುದಿಲ್ಲ.

ಕೊನೆಗೆ ಒಂದು ರಾತ್ರಿ, ಅವ್ವ ಮತ್ತು ಮಗಳು ಮಲಗಿದ ಮೇಲೆ, ಹೆಂಡತಿಗೆ ಆ ಕಾಗದ ತೋರಿಸಿದೆ. ಡಾಕ್ಟರಿಗೆ ಏನು ಹೇಳಿದ್ದೆ ಎಂಬುದನ್ನೂ ಹೇಳಿದೆ. ಅವಳು ಕಾಗದವನ್ನು ಪೂರ್ತಿ ಓದಲಿಲ್ಲ.

‘ನನಗ ಗೊತ್ತಿತ್ತ್ರಿ. ಬಾಟ್ಲಿ ರದ್ದಿಯವಂಗ ಕೊಡಾಕಿ ಯಾರು? ನಾನ ಅಲ್ಲೇನ್ರಿ?’

‘ಮತ್ತ ಮನಿ ಮಂದಿಗೆಲ್ಲಾ ಎಣ್ಣಿ ಯಾಕ ಕಡಿಮಿ ಮಾಡಿದಿ?’

‘ನನ್ನ ಕೈಯಾಗ ಇದ್ದದ್ದು ಆ ಎಣ್ಣಿ ಅಷ್ಟ.’

ಅವಳು ಸಿಟ್ಟಿನಲ್ಲಿ ಹೇಳಲಿಲ್ಲ. ನೀರಿನ ಬಾಟಲಿ ತುಂಬಿಸುತ್ತ, ನಾಳೆ ಸಿಲಿಂಡರ್ ಬರುತ್ತದೆ ಎನ್ನುವ ದನಿಯಲ್ಲಿ ಹೇಳಿದಳು. ನಾನು ಮುಚ್ಚಿಟ್ಟದ್ದು ಯಾರಿಂದ ಎಂದು ಆಗ ತಿಳಿಯದೇ ಹೋಯಿತು. ಅವಳಿಗೆ ಗೊತ್ತಿತ್ತು. ಬಹುಶಃ ಅವ್ವನಿಗೂ ಗೊತ್ತಿತ್ತು. ಅವ್ವನನ್ನು ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಡಾಕ್ಟರ ಬಳಿ ಎರಡನೇ ಸಲ ಹೋದಾಗ ಅವರು ಕೇಳುವ ಮೊದಲೇ ಅಂಕಿ ಹೇಳಿದೆ. ವಾರಕ್ಕೆ 245 ಗ್ರಾಂ. ಅವರು ಮೊದಲ ಸಲ ಕಂಪ್ಯೂಟರ್ ಬಿಟ್ಟು ನನ್ನ ಮುಖ ನೋಡಿದರು, ಗ್ರಾಂನಲ್ಲಿ ಹೇಳಿದ್ದಕ್ಕೇ ಇರಬೇಕು. ಹಳೆಯ ಸಾಲು ಅಳಿಸಿ ಹೊಸದು ಬರೆದರು. ಆರು ವಾರ ಪೂರ್ತಿ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ ಎಂದರು. ಎಣ್ಣೆಯ ವಿಷಯ ಈ ಸಲ ಎತ್ತಲಿಲ್ಲ.

ಇದು ಮೂರನೇ ವಾರ. ತೂಕ 82.9. ನಡುವೆ ಒಂದು ಶುಕ್ರವಾರ ತಪ್ಪಿದೆ. ಒಂದು ಲಾರ್ಜ್, ಹೊರಗಿನದು, ಅಳತೆಯದು. ಆ್ಯಪಿನಲ್ಲಿ ರಾತ್ರಿ 9.40ರ ಎದುರು 140 ಎಂದು ಬರೆದಿದೆ. ಅವ್ವನ ತಟ್ಟೆಯಲ್ಲಿ ಗುರೆಳ್ಳು ಪುಡಿಯ ಗುಳಿಗೆ ಎಣ್ಣೆ ಮತ್ತೆ ಬಂದಿದೆ. ಯಾಕೆ ನಿಂತಿತ್ತು, ಯಾಕೆ ಬಂತು ಎಂದು ಅವಳು ಕೇಳಿಲ್ಲ.